ಮುಂದಿನ ಎಡಗಡೆಯ ಟೈರು

೧೮ ನವೆಂಬರ್ ೨೦೨೪, ಸೋಮವಾರ

ಮಗಳು ಅಂಜಲಿ ಹೇಳಿದ್ದಕ್ಕೆ ಬರೆಯುತ್ತಿದ್ದೇನೆ. ಬೆಳಿಗ್ಗೆಯಿಂದ ಅವಳಿಗೆ ಮೇಲಿಂದ ಮೇಲೆ ಫೋನ್ ಮಾಡುತ್ತಿದ್ದೆ. ಕೊನೆಗೆ ಅವಳು, "ಯಪ್ಪಾ, ನಿನ್ನ ಫೋನ್ ಬಂದ್ರ ಹೊಟ್ಟ್ಯಾಗಿನ ಕೂಸು ಸೈತ ಬೆಚ್ಚತೈತಿ. ಮನಸಿನ್ಯಾಗ ಏನು ಬರ್ತದ ಅದನ್ನ ಒಂದು ಡೈರ್ಯಾಗ ಬರದು ಮುಚ್ಚಿಡು. ನನಗ ಹೇಳಬ್ಯಾಡ, ಓದಸಲೂ ಬ್ಯಾಡ," ಎಂದಳು. ಗೊಬ್ಬರದ ಅಂಗಡಿಯವರು ಕೊಟ್ಟ ಡೈರಿ ಖಾಲಿ ಇತ್ತು. ಏಳನೇ ತರಗತಿ ಅರ್ಧಕ್ಕೆ ಬಿಟ್ಟವನು ನಾನು. ಅಪ್ಪ ತೀರಿಕೊಂಡ ವರ್ಷ ಕುರಿ ಕಾಯಲು ಹೋದೆ. ಮರುವರ್ಷ ಶಾಲೆಗೆ ಹೋದರೆ ನನ್ನ ಜಾಗದಲ್ಲಿ ಬೇರೆ ಹುಡುಗ ಕೂತಿದ್ದ. ಎದ್ದೇಳು ಅನ್ನಲು ಧೈರ್ಯ ಬರಲಿಲ್ಲ, ತಿರುಗಿ ಬಂದುಬಿಟ್ಟೆ. ಹಾಗಾಗಿ ಬರೆಯುವುದು ನಿಧಾನ.

ವಿಷಯ ಏನೆಂದರೆ ಟೈರು. ನಮ್ಮ ಸಂತೆಕಲ್ಲೂರಿನ ಹೆಣ್ಣುಮಕ್ಕಳನ್ನು ಸಿಂಧನೂರು ಕಡೆ ಹತ್ತಿ ಬಿಡಿಸಲು ದಿನಾ ನನ್ನ ಪಿಕಪ್ಪಿನಲ್ಲಿ ಕರೆದುಕೊಂಡು ಹೋಗಿ ಸಂಜೆ ತಂದು ಬಿಡುತ್ತೇನೆ. ಇಂದು ಅವರು ಹೊಲದಲ್ಲಿದ್ದಾಗ ಸುಮ್ಮನೆ ಗಾಡಿಯ ಸುತ್ತ ಒಂದು ಕಣ್ಣು ಹಾಯಿಸಿದೆ. ಸುಮ್ಮನೆ ಎಂದರೆ ಸುಮ್ಮನೆ ಅಲ್ಲ, ದಿನಾ ನೋಡುತ್ತೇನೆ. ಮುಂದಿನ ಎಡಗಡೆಯ ಟೈರಿನ ಹೊರ ಅಂಚು ಬೋಳಾಗಿದೆ. ಒಳ ಅಂಚಿನ ಹಲ್ಲುಗಳ ನಡುವೆ ಹೆಬ್ಬೆರಳ ಉಗುರು ಇಳಿಯುತ್ತದೆ. ಹೊರ ಅಂಚಿನಲ್ಲಿ ಉಗುರು ಜಾರಿ ಹೋಗುತ್ತದೆ. ಬಲಗಡೆಯದೂ ಅದೇ ದಿನ ಹಾಕಿದ ಟೈರು. ಅದು ನೆಟ್ಟಗಿದೆ. ಒಂದೇ ಗಾಡಿ, ಒಂದೇ ರಸ್ತೆ, ಒಬ್ಬನೇ ಡ್ರೈವರ್. ಒಂದು ಕಡೆ ಮಾತ್ರ ಯಾಕೆ?

ಹೋದ ವರ್ಷ ಕಾಲುವೆಯ ದಂಡೆಯಲ್ಲಿ ಯಾವುದೋ ಊರಿನ ಪಿಕಪ್ಪು ಮುಂದಿನ ಟೈರು ಸಿಡಿದು ಪಲ್ಟಿಯಾದದ್ದನ್ನು ಕಣ್ಣಾರೆ ಕಂಡಿದ್ದೇನೆ. ಜನ ಉಳಿದರು. ಆದರೆ ಅವರ ಬುತ್ತಿಯ ಗಂಟುಗಳು ನೀರಿನಲ್ಲಿ ತೇಲುತ್ತಾ ಹೋದವು. ಆ ಗಂಟುಗಳು ಇನ್ನೂ ನನ್ನ ಕಣ್ಣ ಮುಂದೆ ತೇಲುತ್ತಲೇ ಇವೆ.

ಬರುವ ತಿಂಗಳು ಇದೇ ಗಾಡಿಯಲ್ಲಿ ಅಂಜಲಿಯನ್ನು ಗುರುಗುಂಟಾದಿಂದ ಚೊಚ್ಚಲ ಹೆರಿಗೆಗೆ ಕರೆತರಬೇಕು. ಅವಳಿಗೀಗ ಆರು ತಿಂಗಳು. ಏಳರಲ್ಲಿ ಕುಬಸ, ಅಂದರೆ ಸೀಮಂತ, ಮಾಡಿ ತವರಿಗೆ ಕರೆತರುವುದು ನಮ್ಮ ಕಡೆಯ ಪದ್ಧತಿ. ಅವಳಿಗೆ ದಿನ ನಿಂತಿದ್ದು ತಿಳಿದಾಗಲೇ ನಮ್ಮೂರ ದಾರಿ ಬಸವಣ್ಣನಿಗೆ ಹರಕೆ ಹೊತ್ತಿದ್ದೇನೆ. ಎಷ್ಟನೇ ತಿಂಗಳೋ ಅಷ್ಟು ಸುತ್ತು, ಗಾಡಿ ಸಮೇತ, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಅದರಲ್ಲಿ ಇಂದಿನವರೆಗೆ ಕುಂದು ಬಂದಿಲ್ಲ.

೨೧ ನವೆಂಬರ್, ಗುರುವಾರ

ಮಸ್ಕಿಯಲ್ಲಿ ನನ್ನೇಸಾಬನ ಪಂಕ್ಚರ್ ಅಂಗಡಿಯಲ್ಲಿ ನಿಲ್ಲಿಸಿದೆ. ನನಗಿಂತ ಚಿಕ್ಕವನು, ಆದರೆ ಟೈರಿನ ವಿಷಯದಲ್ಲಿ ಅವನ ಮಾತೇ ನನಗೆ ಆಧಾರ. ಅವನು ಟೈರನ್ನು ಅಂಗೈಯಿಂದ ಸವರಿ ನೋಡಿದ.

"ಗಾಳಿ ಕಮ್ಮಿ ಆಗಿತ್ತಂದ್ರ ಎರಡೂ ಅಂಚು ಸವೀತಿತ್ತು. ಗಾಳಿ ಜಾಸ್ತಿ ಆಗಿತ್ತಂದ್ರ ನಡಕ ಸವೀತಿತ್ತು. ಇದು ಒಂದ ಕಡಿ ಸವದೈತಿ. ಗಾಡಿ ಎಡಕ್ಕ ಎಳೀತದೇನು ಗದ್ದೆಪ್ಪಣ್ಣ?"

"ಒಮ್ಮೊಮ್ಮೆ ಎಳದಂಗ ಅನಸ್ತದ. ಒಮ್ಮೊಮ್ಮೆ ನಾನ ಎಳದಂಗ ಅನಸ್ತದ."

"ನಿನ್ನ ದಾರ್ಯಾಗ ಭಾಳ ತಿರುವು ಅದಾವೇನು?"

"ಏನಿಲ್ಲಪಾ. ಸಂತೆಕಲ್ಲೂರು, ಮಸ್ಕಿ, ಸಿಂಧನೂರು. ಸೀದಾ ರಸ್ತಾ."

ಅವನು ಎಡಗಡೆಯ ಟೈರನ್ನು ಬಲಕ್ಕೂ ಬಲಗಡೆಯದನ್ನು ಎಡಕ್ಕೂ ಬದಲಿಸಿದ. ಈಗ ಎಡಗಡೆ ಇರುವುದು ಒಳ್ಳೆಯ ಟೈರು. ಅದೂ ಸವೆದರೆ ತಪ್ಪು ಟೈರಿನದಲ್ಲ, ಜಾಗದ್ದು ಎಂದ. ಉಪಾಯ ಸರಿಯಾಗಿದೆ. ಆದರೆ ಮೊದಲು ಒಂದು ಟೈರಿಗೆ ಹೆದರುತ್ತಿದ್ದೆ. ಈಗ ಬಲಗಡೆಯದು ಹಳೆಯ ಬೋಳು, ಎಡಗಡೆಯದು ಮುಂದೆ ಬೋಳಾಗಬಹುದಾದದ್ದು. ಎರಡಕ್ಕೂ ಹೆದರಬೇಕಾಗಿದೆ.

೫ ಡಿಸೆಂಬರ್, ಗುರುವಾರ

ಎಡಗಡೆಯದು ಮತ್ತೆ ಸವೆಯುತ್ತಿದೆ. ಹೊರ ಅಂಚೇ. ಇಷ್ಟು ದಿನಕ್ಕೇ. ಮೊದಲಿನದಕ್ಕಿಂತ ಬೇಗ.

ಇನ್ನೊಂದು ಚಿಂತೆ. ಹೆಣ್ಣಾಳುಗಳ ಮುಂದಾಳು ಗ್ಯಾನಮ್ಮಕ್ಕ ಇಂದು ಮಸ್ಕಿ ಬರುವವರೆಗೂ ತಲೆ ಹಿಡಿದು ಕೂತಿದ್ದಳು.

"ಲೇ ಗದ್ದೆಪ್ಪಾ, ನಿನ್ನ ಗಾಡಿ ಹತ್ತಿದ್ರ ತಲಿ ಗಿರ್ರ್ ಅಂತದ. ಮಸ್ಕಿ ದಾಟಿದ ಮ್ಯಾಲ ನೆಟ್ಟಗಾಗತದ," ಎಂದಳು. ಉಳಿದವರೂ ಹೌದು ಹೌದು ಎಂದರು. ಆಮೇಲೆ ಅವಳು ನಕ್ಕು, "ಬಸವಣ್ಣನ ಜೋಡಿ ನಿನ್ನ ಲೆಕ್ಕ ಎಂದ ಮುಗೀತದಪಾ?" ಎಂದು ಕೇಳಿದಳು. ಮಗಳು ಹಡೆದು ಎದ್ದ ಮೇಲೆ ಎಂದೆ. "ಅಲ್ಲೀತನ ನಾವು ಉಳದ್ರ ಸಾಕು," ಎಂದಳು. ವಯಸ್ಸಾದವಳು, ಆರೋಗ್ಯದ ಮಾತು.

ಸೈಲೆನ್ಸರ್ ಒಡೆದು ಹೊಗೆ ಹಿಂದೆ ನುಗ್ಗುತ್ತಿರಬೇಕು. ಆದರೆ ಮಸ್ಕಿ ದಾಟಿದ ಮೇಲೆ ಹೊಗೆ ಯಾಕೆ ನುಗ್ಗುವುದಿಲ್ಲ? ನನ್ನೇಸಾಬನ ಮಗ್ಗುಲಲ್ಲಿರುವ ಮೆಕ್ಯಾನಿಕ್ಕಿಗೆ ತೋರಿಸಿದೆ. ಸೈಲೆನ್ಸರ್ ಚೆನ್ನಾಗಿದೆ ಎಂದ. ಚೆನ್ನಾಗಿದೆ ಎಂದು ಕೇಳಿದ ಮೇಲೆ ಹೆಚ್ಚು ಭಯವಾಯಿತು.

ಇಂದಿನಿಂದ ಏಳು ಸುತ್ತು. ಗುಡಿಯ ಅಂಗಳ ಚಿಕ್ಕದು. ಸ್ಟೇರಿಂಗನ್ನು ಪೂರ್ತಿ ಬಲಕ್ಕೆ ತಿರುವಿ ಹಿಡಿದರೆ ಮಾತ್ರ ಗಾಡಿ ಸುತ್ತುತ್ತದೆ. ಡ್ರೈವರ್ ಸೀಟೂ ಬಲಗಡೆಯೇ ಇರುವುದು ದೊಡ್ಡ ಅನುಕೂಲ, ಬಸವಣ್ಣನ ಮುಖ ಪ್ರತಿ ಸುತ್ತಿಗೂ ಹತ್ತಿರದಿಂದ ಕಾಣುತ್ತದೆ. ಹೋದ ಬೇಸಿಗೆಯಲ್ಲಿ ಅಂಗಳಕ್ಕೆ ಕಾಂಕ್ರೀಟು ಹಾಕಿಸಿದ್ದಾರೆ. ಭಕ್ತರು ಜಾರದಿರಲಿ ಎಂದು ಕಸಬರಿಗೆಯಿಂದ ಗೀರೆಳೆದು ಒರಟು ಮಾಡಿದ್ದಾರೆ. ಒಳ್ಳೆಯ ಕೆಲಸ.

೯ ಡಿಸೆಂಬರ್, ಸೋಮವಾರ

ಹೆಣ್ಣುಮಕ್ಕಳನ್ನು ಹೊಲದಲ್ಲಿ ಇಳಿಸಿ ಸಿಂಧನೂರಿಗೆ ಹೋಗಿ ಚಕ್ರದ ಅಲೈನ್ಮೆಂಟ್ ಮಾಡಿಸಿದೆ. ಗಾಡಿಯನ್ನು ಮೇಲೆ ಹತ್ತಿಸಿ ಚಕ್ರಗಳಿಗೆ ಹಲಗೆ ಕಟ್ಟಿ ಕಂಪ್ಯೂಟರಿನಲ್ಲಿ ನೋಡುತ್ತಾರೆ. ಪರದೆಯ ಮೇಲೆ ಎಲ್ಲಾ ಹಸಿರು. ಅಂಗಡಿಯವನು, "ನಿಮ್ಮ ಗಾಡಿ ಕಣ್ಣುಮುಚ್ಚಿ ಬಿಟ್ಟರೂ ಸೀದಾ ಹೋಗ್ತದ್ರೀ," ಎಂದ.

"ಮತ್ತ ಟೈರ್ ಯಾಕ ಸವೀತದ್ರೀ?"

"ಹೆಂಗ ಓಡಸ್ತೀರಿ ಅದರ ಮ್ಯಾಲ ಇರ್ತದ."

ಹೆಂಗ ಓಡಿಸುತ್ತೇನೆ! ನಲವತ್ತರ ಮೇಲೆ ಮುಳ್ಳು ಹೋಗಲು ಬಿಡುವುದಿಲ್ಲ. ಬಸ್ಸು ಬಂದರೆ ನಿಂತೇ ಬಿಡುತ್ತೇನೆ. ಕುರಿ ಹಿಂಡು ಕಂಡರೆ ಇಂಜಿನ್ ಆಫ್ ಮಾಡುತ್ತೇನೆ. ನನ್ನ ಹಿಂದೆ ಬರುವವರು ಬಯ್ಯುವ ಬೈಗುಳ ಬರೆದರೆ ಈ ಡೈರಿ ಸಾಲದು. ಇಷ್ಟರ ಮೇಲೂ ಓಡಿಸುವುದರಲ್ಲಿ ತಪ್ಪು ಎಂದರೆ ಮನುಷ್ಯ ಇನ್ನು ಏನು ಮಾಡಬೇಕು?

೧೨ ಡಿಸೆಂಬರ್, ಗುರುವಾರ

ಕುಬಸ ಆಯಿತು. ನಾನು, ನನ್ನ ಹೆಂಡತಿ ರೇಣುಕಾ ಬಸ್ಸಿನಲ್ಲಿ ಹೋದೆವು. ಹಸಿರು ಸೀರೆ, ಬಳೆ, ಕರ್ಚಿಕಾಯಿ ಬುಟ್ಟಿ ಎಲ್ಲವನ್ನೂ ತೊಡೆಯ ಮೇಲೆ ಇಟ್ಟುಕೊಂಡು. ಲಿಂಗಸುಗೂರು ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸುವಾಗ ಬುಟ್ಟಿ ಮಗುಚಿ ಒಂದಷ್ಟು ಕರ್ಚಿಕಾಯಿ ಚೂರಾದವು. ರೇಣುಕಾ ನನ್ನ ಮುಖ ನೋಡಲಿಲ್ಲ.

ಬೀಗರು ನಕ್ಕೊಂಡು ಕೇಳಿದರು, "ಬೀಗರ, ಗಾಡಿ ಎಲ್ಲಿ? ಮಗಳ್ನ ಬಸ್ಸಿನ ಟಾಪ್ ಮ್ಯಾಲ ಕುಂದ್ರಿಸ್ಕೊಂಡು ಒಯ್ತೀರೇನು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಟೈರಿನ ವಿಷಯ ಹೇಳಿದೆ. ಯಾರಿಗೂ ಅರ್ಥವಾಗಲಿಲ್ಲ. ಅಂಜಲಿಯನ್ನು ಕರೆತರಲಿಲ್ಲ. ಎಂಟನೇ ತಿಂಗಳಲ್ಲಿ ಬಸುರಿಯನ್ನು ಕದಲಿಸುವಂತಿಲ್ಲ, ಆದ್ದರಿಂದ ಇನ್ನು ಒಂಬತ್ತಕ್ಕೇ. ಬಾಡಿಗೆ ಕಾರು ತರುತ್ತೇನೆ ಎಂದೆ. ಅಂಜಲಿ ನನ್ನನ್ನು ಬಾಗಿಲ ಮರೆಗೆ ಕರೆದು ಹೇಳಿದಳು.

"ಯಪ್ಪಾ, ಬಾಡಗಿ ಕಾರು ತಂದ್ರ ನಾ ಹತ್ತಂಗಿಲ್ಲ. ನಿನ್ನ ಗಾಡ್ಯಾಗ ಊರ ಹೆಣ್ಣಮಕ್ಕಳ್ನೆಲ್ಲಾ ಕೂಡಿಸ್ಕೊಂಡು ಹೋಗ್ತಿ. ಅವರು ಯಾರ ಮಕ್ಕಳೂ ಅಲ್ಲೇನು? ನಾ ಒಬ್ಬಾಕಿ ಹೆಚ್ಚೇನು?"

ಬರುವಾಗ ಬಸ್ಸಿನಲ್ಲಿ ರೇಣುಕಾ ಒಂದೇ ಮಾತು ಆಡಿದ್ದು: "ಟೈರಿಗೆ ಕುಬಸ ಮಾಡ್ಸ್ರಿ. ಅದನ್ನ ಹೊಟ್ಟ್ಯಾಗ ಇಟ್ಕೊಂಡೀರಿ."

೨೩ ಡಿಸೆಂಬರ್, ಸೋಮವಾರ

ಲಿಂಗಸುಗೂರಿನ ಸಂಗನಬಸವ ದೊಡ್ಡ ಮೆಕ್ಯಾನಿಕ್ ಎಂದು ಯಾರೋ ಹೇಳಿದರು. ಹೋದೆ. ಅವನು ಜಾಕ್ ಏರಿಸಿ ಚಕ್ರ ಅಲ್ಲಾಡಿಸಿ, ಒಳಗೆ ರಬ್ಬರ್ ಬುಶ್ಶುಗಳು ಸಡಿಲಾಗಿವೆ, ಅದಕ್ಕೇ ಚಕ್ರ ವಾಲುತ್ತದೆ ಎಂದ. ಎರಡೂ ಕಡೆ ಹೊಸವು ಹಾಕಿದ. ಹಿಂದಿನ ಚಕ್ರದ ಚೆನ್ನಾಗಿದ್ದ ಟೈರೊಂದನ್ನು ಮುಂದೆ ಎಡಕ್ಕೆ ತಂದ. "ಇನ್ನ ಸವದ್ರ ನಾ ಈ ಕೆಲಸ ಬಿಟ್ಟು ಎಮ್ಮಿ ಕಾಯ್ತೀನಿ," ಎಂದ.

ನೆಮ್ಮದಿ ಆಯಿತು. ಆ ಸಂತೋಷಕ್ಕೆ ಸಂಜೆ ಬಸವಣ್ಣನಿಗೆ ಒಂದೆರಡು ಸುತ್ತು ಹೆಚ್ಚು ಹಾಕಿದೆ.

ಪೂಜಾರಿ ಮರಿಸ್ವಾಮಿಯವರ ಹೆಂಡತಿ ಕಸ್ತೂರೆಮ್ಮನವರು ಅಂಗಳ ತಿಕ್ಕುತ್ತಾ ಕೂತಿದ್ದರು. ಕಾಂಕ್ರೀಟಿನ ಮೇಲೆ ಯಾರೋ ಕರಿ ಗೆರೆ ಎಳೆದು ಹಾಳು ಮಾಡಿದ್ದಾರೆ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ.

"ಬೈಕಿನ ಹುಡುಗ್ರು ಇರಬೇಕ್ರಿ ಅಮ್ಮಾರ, ಗರಗರ ತಿರುವಿ ಆಟ ಆಡ್ತಾವ," ಎಂದೆ.

"ಸಿಗಲಿ, ಕಸಬರಗಿ ಮುರೀತೀನಿ ಬೆನ್ನಾಗ."

ಮುರಿಯಲೇಬೇಕು. ದೇವರ ಅಂಗಳ ಎನ್ನುವ ಭಯವೇ ಇಲ್ಲದ ಕಾಲ.

೩೦ ಡಿಸೆಂಬರ್, ಎಳ್ಳಮಾವಾಸ್ಯೆ

ಎಲ್ಲರೂ ಹೊಲಕ್ಕೆ, ಬೆಳೆಗೆ ನೈವೇದ್ಯದ ಚರಗ ಚೆಲ್ಲಲು ಹೋದರು. ಸಜ್ಜಿ ಕಡಬು, ಪುಂಡಿಪಲ್ಯೆ ಇತ್ತು. ನನಗೆ ರುಚಿ ಹತ್ತಲಿಲ್ಲ.

ಕಾರಣ: ಕಸ್ತೂರೆಮ್ಮನವರು ಹುಡುಗರನ್ನು ತಡೆಯಲು ಅಂಗಳದ ಸುತ್ತ ಜಾಲಿಮುಳ್ಳು ಹಾಕಿಸಿದ್ದಾರೆ. ಗಾಡಿ ಹೋಗುವಂತಿಲ್ಲ. ನಾಲ್ಕೈದು ದಿನದಿಂದ ಸುತ್ತು ನಿಂತಿವೆ. ರಸ್ತೆಯಿಂದಲೇ ಕೈಮುಗಿದು ಹೋಗುತ್ತೇನೆ. ಯಾರದೋ ತಪ್ಪಿಗೆ ನನ್ನ ಹರಕೆ ಮುರಿಯಿತು. ಇದರ ಫಲ ಯಾರ ಮೇಲೆ ಬೀಳುತ್ತದೋ. ಅಂಜಲಿಗೆ ಫೋನ್ ಮಾಡಿದೆ. ಕಾಲು ಸ್ವಲ್ಪ ಬಾತಿವೆಯಂತೆ. ನೋಡು, ನಾನು ಹೇಳಲಿಲ್ಲವೇ.

೮ ಜನವರಿ ೨೦೨೫, ಬುಧವಾರ

ಟೈರು ಸವೆದಿಲ್ಲ!

ಎರಡು ವಾರ ಆಯಿತು, ಎಡಗಡೆಯ ಹೊರ ಅಂಚಿನಲ್ಲಿ ಉಗುರು ಹಾಗೇ ಇಳಿಯುತ್ತದೆ. ಸಂಗನಬಸವ ನಿಜವಾಗಿ ದೊಡ್ಡ ಮೆಕ್ಯಾನಿಕ್. ಗ್ಯಾನಮ್ಮಕ್ಕನ ತಲೆಸುತ್ತೂ ನಿಂತಿದೆ. ಬುಶ್ಶಿಗೂ ತಲೆಸುತ್ತಿಗೂ ಏನು ಸಂಬಂಧವೋ ತಿಳಿಯದು, ಆದರೆ ನಿಂತಿದೆ. ಈಗ ಸಿಂಧನೂರು ಕಡೆಯ ಆರ್.ಎಚ್. ಕ್ಯಾಂಪಿನ ಗದ್ದೆಗಳಲ್ಲಿ ಭತ್ತದ ನಾಟಿ ಶುರುವಾಗಿದೆ. ದಾರಿ ಉದ್ದಕ್ಕೂ ಹೆಣ್ಣುಮಕ್ಕಳು ಹಾಡುತ್ತಾ ಬರುತ್ತಾರೆ. ಅಂಜಲಿಯ ಕಾಲಿನ ಬಾವೂ ಇಳಿದಿದೆಯಂತೆ.

ಇನ್ನೂ ಒಳ್ಳೆಯ ಸುದ್ದಿ, ಇಂದು ಮುಳ್ಳು ತೆಗೆಸಿದ್ದಾರೆ. ಎಂಟನೇ ತಿಂಗಳು, ಎಂಟು ಸುತ್ತು. ಅದರ ಮೇಲೆ ತಪ್ಪಿದ ಸುತ್ತುಗಳನ್ನು ಸ್ವಲ್ಪ ಸ್ವಲ್ಪ ತೀರಿಸಬೇಕು. ಇಂದು ಎಷ್ಟು ಹಾಕಿದೆ ಎಣಿಸಲಿಲ್ಲ. ಗ್ಯಾನಮ್ಮಕ್ಕ ಹಿಂದಿನಿಂದ ಗಾಡಿಯ ತಗಡು ಬಡಿಯುತ್ತಿದ್ದಳು. ಭಕ್ತಿಯಲ್ಲಿ ತಾಳ ಹಾಕುತ್ತಿದ್ದಾಳೆ ಎಂದುಕೊಂಡೆ. ನಿಲ್ಲಿಸಿದರೆ ಪಾಪ, ವಾಂತಿ.

೧೭ ಜನವರಿ, ಶುಕ್ರವಾರ

ಮತ್ತೆ ಸವೆದಿದೆ. ಹಿಂದೆಂದೂ ಇಷ್ಟು ವೇಗವಾಗಿ ಸವೆದಿರಲಿಲ್ಲ.

ಸಂಗನಬಸವನಿಗೆ ಫೋನ್ ಮಾಡಿದರೆ ಎತ್ತುವುದಿಲ್ಲ. ಎಮ್ಮೆ ಕಾಯಲು ಹೋಗಿರಬೇಕು.

೨೦ ಜನವರಿ, ಸೋಮವಾರ

ಏನೂ ತಿಳಿಯುತ್ತಿಲ್ಲ. ಗಾಳಿ ಸರಿ, ಚಕ್ರ ಸರಿ, ಬುಶ್ಶು ಹೊಸವು. ಎರಡು ವಾರ ಸವೆಯಲಿಲ್ಲ. ಆ ಎರಡು ವಾರದಲ್ಲಿ ನಾನು ಏನು ಮಾಡಿದೆ, ಏನು ಬಿಟ್ಟೆ ಎಂದು ಕೂತು ಯೋಚಿಸಿದೆ. ಅದೇ ರಸ್ತೆ, ಅದೇ ಜನ, ಅದೇ ಡೀಸೆಲ್ ಬಂಕು. ಹರಕೆ ನಿಂತಿತ್ತು, ಅಷ್ಟೇ. ಹರಕೆ ನಿಂತಾಗ ಕೆಡುಕಾಗಬೇಕಿತ್ತು, ಆಗಲಿಲ್ಲ. ಬಸವಣ್ಣ ದೊಡ್ಡವನು, ಸಾಲ ಇಟ್ಟುಕೊಂಡು ಕಾದಿದ್ದಾನೆ.

ಸಂಜೆ ಅಂಗಳದಲ್ಲಿ ಅಡ್ಡಬಿದ್ದೆ. ಮನೆಗೆ ಬಂದಾಗ ರೇಣುಕಾ, "ಹಣೀಗೆ ಏನ್ರೀ ಅದು ಕರೀದು?" ಎಂದಳು. ಗುಡಿಯ ಅಂಗಾರ ಎಂದೆ. ನೆಲದ ಮೇಲೆ ಸಣ್ಣ ಕರಿ ಪುಡಿ ಬಿದ್ದಿತ್ತು, ಒಂದು ಚಿಟಿಕೆ ಕಾಗದದಲ್ಲಿ ಕಟ್ಟಿ ತಂದಿದ್ದೆ. ದೃಷ್ಟಿಗೆ ಒಳ್ಳೆಯದು ಎಂದು ಎಡಗಡೆಯ ಟೈರಿಗೂ ಬೊಟ್ಟು ಇಟ್ಟೆ. ಕರಿಯ ಮೇಲೆ ಕರಿ, ಎಲ್ಲಿ ಇಟ್ಟೆನೋ ಕಾಣಲೇ ಇಲ್ಲ.

೨೭ ಜನವರಿ, ಸೋಮವಾರ

ಇಂದಿನದನ್ನು ಹೇಗೆ ಬರೆಯಬೇಕೋ ತಿಳಿಯದು. ಆದ ಹಾಗೆ ಬರೆಯುತ್ತೇನೆ.

ಬೆಳಕು ಹರಿಯುವ ಹೊತ್ತಿಗೆ ಹೆಣ್ಣುಮಕ್ಕಳನ್ನು ಹತ್ತಿಸಿಕೊಂಡು ಗಾಡಿಯನ್ನು ಅಂಗಳಕ್ಕೆ ಇಳಿಸಿದೆ. ಮೂರನೇ ಸುತ್ತಿನಲ್ಲಿ ದೀಪದ ಕಂಬದ ಹಿಂದಿನಿಂದ ಯಾರೋ ಎದ್ದು ಬಂದು ಬಾನೆಟ್ಟಿಗೆ ಕಸಬರಿಗೆಯಿಂದ ಬಡಿದರು. ಬ್ರೇಕು ಒತ್ತಿದೆ. ನೋಡಿದರೆ ಕಸ್ತೂರೆಮ್ಮನವರು. ಕಂಬಳಿ ಹೊದ್ದಿದ್ದರು.

"ಬೈಕಿನ ಹುಡುಗ್ರನ್ನ ಹಿಡೀಬೇಕಂತ ಚಳ್ಯಾಗ ಕುಂತೀನಿ. ನೀನ ಏನೋ ಗದ್ದೆಪ್ಪಾ ಅಂವ!"

"ನಾ ಏನು ಮಾಡೀನ್ರಿ ಅಮ್ಮಾರ? ಮಗಳ ಸಲುವಾಗಿ ಸುತ್ತು ಹಾಕಾಕತ್ತೀನಿ."

"ಸುತ್ತು ಅಲ್ಲಲೇ, ಸಾಣಿ ಹಿಡ್ಯಾಕತ್ತಿ. ಇಳಿ ಕೆಳಗ."

ಇಳಿದೆ. ಅವರು ನನ್ನ ರಟ್ಟೆ ಹಿಡಿದು ಎಡಗಡೆಗೆ ಕರೆದೊಯ್ದರು. ಈ ಅಂಗಳದಲ್ಲಿ ನಾನು ಗಾಡಿಯ ಎಡಗಡೆ ನಿಂತದ್ದು ಅದೇ ಮೊದಲು. ಯಾವಾಗಲೂ ದೇವರ ಕಡೆಯೇ ನೋಡುತ್ತಿದ್ದೆ. ನೆಲದ ಮೇಲೆ ಕರಿ ಗೆರೆ ಬಳೆಯಂತೆ ಗುಡಿಯ ಸುತ್ತ ಹೋಗಿತ್ತು, ಅದರ ತುದಿ ನನ್ನ ಟೈರಿನ ಹೊರ ಅಂಚಿನ ಅಡಿಯಲ್ಲೇ ನಿಂತಿತ್ತು. ಕಸ್ತೂರೆಮ್ಮನವರು ಒಂದು ಬೆರಳಿಂದ ನೆಲ ಒರೆಸಿದರು, ಇನ್ನೊಂದರಿಂದ ಟೈರು ಒರೆಸಿದರು, ಎರಡನ್ನೂ ನನ್ನ ಮೂಗಿನ ಮುಂದೆ ಹಿಡಿದರು. ಒಂದೇ ಬಣ್ಣ. ಒಂದೇ ವಾಸನೆ. ನನ್ನ ಹಣೆಯ ಅಂಗಾರದ್ದೂ ಅದೇ ವಾಸನೆ ಇತ್ತು, ಈಗ ನೆನಪಾಗುತ್ತಿದೆ.

"ನಿನ್ನ ಟೈರ್ ಎಲ್ಲಿ ಹೋತು ಅಂತ ಸಿಂಧನೂರು ಲಿಂಗಸುಗೂರು ತಿರಗಾಕತ್ತಿದ್ಯಂತ. ಇಲ್ಲೈತಿ ನೋಡು. ಬೇಕಂದ್ರ ಬಳದು ಕೊಡ್ತೀನಿ, ಮನಿಗೆ ಒಯ್ಯಿ."

ಹಿಂದೆ ಕೂತ ಹೆಣ್ಣುಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಗ್ಯಾನಮ್ಮಕ್ಕ ಮಾತ್ರ ನಗಲಿಲ್ಲ. "ನಕ್ಕರ ಏನು ಬಂತವ್ವಾ. ಇಷ್ಟು ದಿನಾ ನಾವು ತೊಟ್ಟಿಲದಾಗಿನ ಕೂಸಿನಂಗ ತಿರಗೀವಿ. ಲೇ ತಮ್ಮಾ, ಬಸವಣ್ಣಗೂ ನಿನ್ನ ನೋಡಿ ನೋಡಿ ಕುತ್ತಿಗಿ ನೊಂದೈತಿ."

"ಮೊದಲ ಯಾಕ ಹೇಳಲಿಲ್ಲಕ್ಕಾ?"

"ಮಗಳ ಹರಕಿ ಅಂದಿ. ಹರಕಿಗೆ ಬ್ಯಾಡ ಅಂತ ಹೆಂಗ ಅನ್ಲಿ? ಬ್ಯಾರೆ ಗಾಡಿ ನೋಡೋಣು ಅಂತ ಇವರೆಲ್ಲಾ ಅಂದ್ರು. ಹಡ್ಯಾತನ ತಡೀರಿ ಅಂದೆ."

ಸುತ್ತು ಅರ್ಧಕ್ಕೆ ನಿಂತಿತು. ದಿನವಿಡೀ ಕೆಲಸದಲ್ಲಿ ಮನಸ್ಸಿಲ್ಲ.

೨೮ ಜನವರಿ, ಮಂಗಳವಾರ

ನನ್ನೇಸಾಬನಿಗೆ ಹೇಳಿದೆ. ಕೈಯಲ್ಲಿದ್ದ ಚಹಾ ಕೆಳಗಿಟ್ಟ.

"ನಾ ಕೇಳಿದ್ನಲ್ಲ, ದಾರ್ಯಾಗ ಭಾಳ ತಿರುವು ಅದಾವೇನು ಅಂತ. ಇಲ್ಲ ಅಂದಿ."

"ಅದು ಗಾಡಿ ಓಡ್ಸೋದರಾಗ ಬರ್ತದ ಅಂತ ಅನಸಲಿಲ್ಲಪಾ. ಅದು ದೇವರ ಕೆಲಸ."

"ಟೈರಿಗೆ ಹೆಂಗ ಗೊತ್ತಾಗಬೇಕಣ್ಣಾ ಅದು ದೇವರ ಕೆಲಸ ಅಂತ? ಭಾರ ತುಂಬಕೊಂಡು ಪೂರಾ ಸ್ಟೇರಿಂಗ್ ಕಡದು ಬಲಕ್ಕ ತಿರಗಿದ್ರ, ಹೊರಗಿನ ಚಕ್ರ ಯಾವ್ದು? ಎಡಗಡೀದು. ಎಲ್ಲಾ ಭಾರ ಅದರ ಹೊರ ಅಂಚಿನ ಮ್ಯಾಲ. ಅದೂ ಒರಟು ಕಾಂಕ್ರೀಟು. ನೀನು ತಿಂಗಳಾ ಒಂದು ಸುತ್ತು ಜಾಸ್ತಿ ಮಾಡ್ತಿದ್ದಿ, ಅದು ಜಾಸ್ತಿ ಸವೀತಿತ್ತು."

ಎಲ್ಲಾ ಸರಿ ಇದೆ. ಒಂದೊಂದೂ 'ಹೌದಲ್ಲ' ಅನ್ನಿಸುತ್ತದೆ. ಆದರೆ ಒಳಗೆ ಕೂಡಿಬರುವುದಿಲ್ಲ. ಮಗಳಿಗೆ ಏನೂ ಆಗಬಾರದು ಎಂದು ಸುತ್ತಿದೆ. ಸುತ್ತಿದ್ದರಿಂದ ಟೈರು ಸವೆಯಿತು. ಸವೆಯಿತೆಂದು ಇನ್ನೂ ಸುತ್ತಿದೆ. ಹಾಗಾದರೆ ಈಗ ಬಿಟ್ಟರೆ ಟೈರು ಉಳಿಯುತ್ತದೆ, ಹರಕೆ ಹೋಗುತ್ತದೆ. ಬಿಡದಿದ್ದರೆ ಹರಕೆ ಉಳಿಯುತ್ತದೆ, ಟೈರು ಹೋಗುತ್ತದೆ. ಎರಡರ ಕೊನೆಯಲ್ಲೂ ಕೂತವಳು ಅಂಜಲಿ.

"ನೀ ಆದ್ರ ಏನು ಮಾಡ್ತಿದ್ದಿ?" ಎಂದು ಕೇಳಿದೆ.

"ದೇವರ ಮಾತು ನನ್ನ ಕೇಳಬ್ಯಾಡಣ್ಣಾ, ಟೈರಿಂದು ಕೇಳು. ನಾನಂತೂ ದರ್ಗಾಕ್ಕ ಹೋದ್ರ ಗಾಡಿ ಹೊರಗ ನಿಲ್ಲಸ್ತೀನಿ."

೧ ಫೆಬ್ರವರಿ, ಶನಿವಾರ

ಒಂಬತ್ತನೇ ತಿಂಗಳು. ಅಂಗಳದ ಹೊರಗೆ ಗಾಡಿ ನಿಲ್ಲಿಸಿ ಸ್ಟೇರಿಂಗ್ ಹಿಡಿದು ಕೂತೇ ಇದ್ದೆ. ಗ್ಯಾನಮ್ಮಕ್ಕ ಬಾಗಿಲು ಬಡಿದಳು.

"ಏನು ಮಾಡಾಕತ್ತಿ?"

"ಗಾಡಿ ಸಮೇತ ಅಂತ ಬೇಡ್ಕೊಂಡೀನಿ ಅಕ್ಕಾ. ನಾ ಒಬ್ಬನ ನಡದ್ರ ಪೂರ್ತಿ ಆಗಂಗಿಲ್ಲ."

ಅವಳು ಹಿಂದೆ ತಿರುಗಿ, "ಇಳೀರೇ ಎಲ್ಲಾರೂ," ಎಂದು ಕೂಗಿದಳು. ಎಲ್ಲರೂ ಇಳಿದರು, ಬುತ್ತಿಯ ಗಂಟು ಕಂಕುಳಲ್ಲಿ ಇಟ್ಟುಕೊಂಡೇ. "ಗಾಡಿ ಅಂದ್ರ ಏನು? ತಗಡೇನು? ಗಾಡ್ಯಾಗ ಇದ್ದದ್ದೆಲ್ಲಾ ಇಳದು ಬಂದೈತಿ. ನಡಿ ಮುಂದ."

ನಾನು ಚಪ್ಪಲಿ ಬಿಟ್ಟು ಮುಂದೆ ನಡೆದೆ, ಹಿಂದೆ ಅವರೆಲ್ಲ. ಕಸ್ತೂರೆಮ್ಮನವರು ಕಟ್ಟೆಯ ಮೇಲೆ ಕೂತು, "ಬರಿಗಾಲು ಎಷ್ಟು ಬೇಕಾದ್ರೂ ಸವಸ್ರಿ, ನನ್ನ ಅಂಗಳಕ್ಕ ಕಲೆ ಆಗಂಗಿಲ್ಲ," ಎಂದರು. ನಡೆಯುತ್ತಾ ಬುತ್ತಿಗಳನ್ನು ತಿರುಗಿ ನೋಡಿದೆ. ಆ ಕಾಲುವೆಯ ಗಂಟುಗಳಂತಲ್ಲ, ಒಣಗಿದ್ದವು. ಒಂಬತ್ತೂ ಆಯಿತು. ನಾಟಿಗೆ ತಡವಾಯಿತು, ಕ್ಯಾಂಪಿನವರು ಬೈದರು, ಗ್ಯಾನಮ್ಮಕ್ಕ ಅವರಿಗೇ ತಿರುಗಿ ಬೈದಳು.

೬ ಫೆಬ್ರವರಿ, ಗುರುವಾರ

ಅಂಜಲಿಯನ್ನು ಕರೆತಂದೆ. ನನ್ನ ಗಾಡಿಯಲ್ಲೇ. ರೇಣುಕಾ ಬಾಗಿಲ ಕಡೆ, ಅಂಜಲಿ ನಡುವೆ. ಮುಂದೆ ಎರಡೂ ಹೊಸ ಟೈರು. ಗುರುಗುಂಟಾ ಬಿಡುವಾಗ ಬೀಗರು, "ಹುಷಾರ್ರಿ, ಟೈರಿಗೆ ಬಯಕಿ ಆದೀತು," ಎಂದರು. ಏನೋ ಉತ್ತರ ಕೊಟ್ಟೆ, ಅವರೇ ನಕ್ಕರು. ಏನೆಂದೆನೋ ನೆನಪಿಲ್ಲ.

ಲಿಂಗಸುಗೂರು ದಾಟಿದ ಮೇಲೆ ಅಂಜಲಿ ನಿದ್ದೆ ಹೋಗಿ ನನ್ನ ಭುಜಕ್ಕೆ ತಲೆ ಕೊಟ್ಟಳು. ಗೇರು ಹಾಕಲು ಕಷ್ಟವಾಯಿತು.

ಊರ ಹತ್ತಿರ ದಾರಿ ಬಸವಣ್ಣ ಬಂದ. ನಾನು ಏನೂ ಯೋಚಿಸಿರಲಿಲ್ಲ, ಕೈಗಳು ತಾವೇ ಸ್ಟೇರಿಂಗ್ ಬಲಕ್ಕೆ ತಿರುವತೊಡಗಿದವು. ರೇಣುಕಾ, "ಅಲ್ರೀ!" ಎಂದಳು. ಅಂಜಲಿ ಎಚ್ಚರಾಗಿ ನನ್ನ ಕೈಯ ಮೇಲೆ ಕೈ ಇಟ್ಟಳು. ನಿಲ್ಲಿಸಿದೆ.

"ನನ್ನ ಇಳಸು ಯಪ್ಪಾ. ನಾ ನಡೀತೀನಿ."

ನಿಧಾನಕ್ಕೆ ಒಂದೇ ಸುತ್ತು. ಅವಳು ಗುಡಿಯ ಕಡೆ, ನಾನು ಹೊರಗಡೆ. ಕರಿ ಗೆರೆ ಇನ್ನೂ ಹೋಗಿಲ್ಲ, ನಾನು ಅದರ ಮೇಲೆಯೇ ನಡೆಯುತ್ತಿದ್ದೆ. ಅವಳು ಕೇಳಿದಳು, "ಇದೇನು?"

"ನಿನ್ನ ತಿಂಗಳು," ಎಂದೆ.

ಅವಳು ಗೆರೆಯನ್ನು ಗುಡಿಯ ಹಿಂದಿನವರೆಗೂ ಕಣ್ಣಲ್ಲೇ ಹಿಂಬಾಲಿಸಿ ನೋಡಿದಳು. ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ. ನನ್ನ ತೋಳು ಹಿಡಿದುಕೊಂಡಳು. ಭಾರವಾಗಿದ್ದಳು.

೧೦ ಮಾರ್ಚ್, ಸೋಮವಾರ

ಗಂಡು. ಇಬ್ಬರೂ ಸುಖ.

೨೦ ಏಪ್ರಿಲ್, ಭಾನುವಾರ

ಬಹಳ ದಿನದಿಂದ ಬರೆದಿಲ್ಲ. ನನ್ನೇಸಾಬ ಕೇಳಿದ, "ಟೈರ್ ಹೆಂಗದಾವ ಅಣ್ಣಾ?" ನೋಡಿಲ್ಲ ಎಂದೆ. ಅವನು ಯಾಕೋ ನನ್ನ ಮುಖವನ್ನೇ ನೋಡುತ್ತಾ ನಿಂತ.

ಇಂದು ಬರೆಯಲು ಬೇರೆ ಕಾರಣವಿದೆ. ಕೂಸಿನ ತಲೆ ಒಂದೇ ಕಡೆ ಚಪ್ಪಟೆಯಾಗುತ್ತಿದೆ. ಬಲಗಡೆ. ಎಡಗಡೆ ಗುಂಡಗಿದೆ. ಅಂಗೈಯಿಂದ ಸವರಿ ನೋಡಿದೆ, ನಿಜ. ರೇಣುಕಾ ತಲೆಗೆ ಬಟ್ಟೆಯ ಸಿಂಬಿ ಇಡೋಣ ಎನ್ನುತ್ತಾಳೆ. ಗ್ಯಾನಮ್ಮಕ್ಕ ಎಣ್ಣೆ ಹಚ್ಚಿ ತಿದ್ದೋಣ ಎನ್ನುತ್ತಾಳೆ. ಮಸ್ಕಿಯ ನರ್ಸಮ್ಮ ತೊಟ್ಟಿಲಲ್ಲಿ ಮಗ್ಗುಲು ಬದಲಿಸಿ ಎಂದಿದ್ದಾಳೆ, ಬದಲಿಸಿದರೂ ಅದು ಮತ್ತೆ ಬಲಕ್ಕೇ ತಲೆ ತಿರುಗಿಸುತ್ತದೆ. ಒಬ್ಬೊಬ್ಬರದು ಒಂದೊಂದು ಮಾತು. ಅಂಜಲಿಗೆ ಅಳು ಬರುವ ಹಾಗಾಗಿದೆ.

ನಾನು ಯಾರಿಗೂ ಏನೂ ಹೇಳದೆ ಮಧ್ಯಾಹ್ನವೆಲ್ಲ ತೊಟ್ಟಿಲ ಹತ್ತಿರ ಕೂತು ನೋಡಿದೆ. ಕೂಸು ಬಲಕ್ಕೆ ತಿರುಗಿ ನನ್ನನ್ನೇ ನೋಡುತ್ತಿತ್ತು. ನಾನು ಮಾತಾಡಿದರೆ ನಗುತ್ತಿತ್ತು. ಎದ್ದು ಹೋಗಿ ಬಂದೆ, ಮತ್ತೆ ಬಲಕ್ಕೇ. ಆಗ ಹೊಳೆಯಿತು. ಗಾಡಿ ಬಿಟ್ಟು ಬಂದ ಕೂಡಲೇ ನಾನು ದಿನಾ ಕೂತುಕೊಳ್ಳುವುದು ಅದರ ಬಲಗಡೆಯೇ. ಆ ಕಡೆ ಗೋಡೆ ಇದೆ, ಬೆನ್ನಿಗೆ ಆಸರೆ ಸಿಗುತ್ತದೆ.

ಅಂಜಲಿಯನ್ನು ಕರೆದು ಹೇಳಿದೆ, "ಕೂಸಿಂದು ಏನೂ ತಪ್ಪಿಲ್ಲವ್ವಾ. ತೊಟ್ಟಿಲದ್ದೂ ಇಲ್ಲ. ನಾ ಕುಂದ್ರೋ ಜಾಗ ತಪ್ಪೈತಿ."

ಈಗ ಎಡಗಡೆಗೆ ಬಂದು ಕೂತು ಬರೆಯುತ್ತಿದ್ದೇನೆ. ಈ ಕಡೆ ಗೋಡೆ ಇಲ್ಲ, ಬೆನ್ನು ನೋಯುತ್ತದೆ. ಕೂಸು ಇನ್ನೂ ಗೋಡೆಯ ಕಡೆಗೇ ಮುಖ ಮಾಡಿ ನನ್ನನ್ನು ಹುಡುಕುತ್ತಿದೆ. ಕರೆಯುತ್ತಿದ್ದೇನೆ. ತಿರುಗುತ್ತದೆ.